ಕ್ರೆಡಿಟ್ ಸ್ಕೋರ್ ಮಾಡೆಲ್ ಕಲಿಯಲು ಎಕ್ಸೆಲ್, ಆರ್, ಪೈಥಾನ್, ಸ್ಯಾಸ್: ಯಾರು ಯಾವುದನ್ನು ಹಿಡಿಯಬೇಕು

ಸಾಲ ಕೇಳಿ ಬಂದವರಲ್ಲಿ ಯಾರು ಕಂತು ಕಟ್ಟುತ್ತಾರೆ, ಯಾರು ಕೈಕೊಡುತ್ತಾರೆ ಎಂದು ಅಂದಾಜಿಸುವ ಸ್ಕೋರ್‌ಕಾರ್ಡ್ ಕಟ್ಟಲು ಕಲಿಯಬೇಕು ಎಂದು ಹೊರಟವರು ಮೊದಲು ಕೇಳುವುದೇ ಯಾವ ಸಾಫ್ಟ್‌ವೇರ್ ಎಂದು. ನೇರವಾಗಿ ಹೇಳುವುದಾದರೆ: ಕೆಲಸ ಹುಡುಕುತ್ತಿರುವವರಿಗೆ, ಅದರಲ್ಲೂ ಬೆಂಗಳೂರಿನ ಫಿನ್‌ಟೆಕ್ ಮತ್ತು ಅನಲಿಟಿಕ್ಸ್ ಕಚೇರಿಗಳ ಕಡೆ ನೋಡುತ್ತಿರುವವರಿಗೆ ಪೈಥಾನ್. ಸಂಖ್ಯಾಶಾಸ್ತ್ರ ಓದುತ್ತಿರುವವರಿಗೆ, ಓದಿ ಮುಗಿಸಿದವರಿಗೆ ಆರ್. ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿ ಈಗಾಗಲೇ ಕೂತಿದ್ದು, ಅಲ್ಲಿ ಸ್ಯಾಸ್ ಓಡುತ್ತಿದ್ದರೆ ಸ್ಯಾಸ್. ಆದರೆ ಈ ಮೂರರಲ್ಲಿ ಯಾವುದನ್ನು ಹಿಡಿಯುವ ಮೊದಲೂ ಎಕ್ಸೆಲ್‌ನಲ್ಲಿ ಒಂದೇ ಒಂದು ವೇರಿಯಬಲ್‌ನ ಲೆಕ್ಕವನ್ನು ಕೈಯಾರೆ ಮಾಡಬೇಕು. ಉಳಿದ ಮೂರೂ ತಂತಮ್ಮ ಡಿಫಾಲ್ಟ್‌ಗಳಲ್ಲಿ (ನಾವು ಏನೂ ಹೇಳದಿದ್ದಾಗ ತಾವೇ ಹಿಡಿಯುವ ಆಯ್ಕೆಗಳಲ್ಲಿ) ಸದ್ದಿಲ್ಲದೆ ಬೇರೆಬೇರೆ ತೀರ್ಮಾನ ತೆಗೆದುಕೊಳ್ಳುತ್ತವೆ. ಅದನ್ನು ಹಿಡಿಯಲು ಕೈಯಲ್ಲಿ ಒಂದು ಖಚಿತ ಉತ್ತರ ಇರಬೇಕು.

ಎಕ್ಸೆಲ್‌ನಲ್ಲಿ ಒಂದು ವೇರಿಯಬಲ್

ಜರ್ಮನ್ ಕ್ರೆಡಿಟ್ ಡೇಟಾ ಈ ಕ್ಷೇತ್ರದಲ್ಲಿ ಎಲ್ಲರೂ ಮೊದಲು ಮುಟ್ಟುವ ಕಡತ. 1000 ಸಾಲ, 20 ವೇರಿಯಬಲ್. 700 ಗುಡ್ (ಸರಿಯಾಗಿ ತೀರಿಸಿದವು), 300 ಬ್ಯಾಡ್ (ತೀರಿಸದೆ ಹೋದವು). ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಹ್ಯಾನ್ಸ್ ಹಾಫ್‌ಮನ್ ಕೊಟ್ಟ ಈ ಡೇಟಾ 1994ರಿಂದ ಯುಸಿಐ ಎಂಬ ಸಾರ್ವಜನಿಕ ಡೇಟಾ ಸಂಗ್ರಹದಲ್ಲಿದೆ, ಉಚಿತ. ಅದರ ಮೊದಲ ವೇರಿಯಬಲ್ ಚಾಲ್ತಿ ಖಾತೆಯ ಸ್ಥಿತಿ. ನಾಲ್ಕು ಕೋಡ್‌ಗಳಿವೆ. ಪಿವಟ್ ಟೇಬಲ್ ಹಾಕಿದರೆ ಹೀಗೆ ಬರುತ್ತದೆ:

| ಕೋಡ್ | ಗುಡ್ | ಬ್ಯಾಡ್ | ಗುಡ್ ಪಾಲು | ಬ್ಯಾಡ್ ಪಾಲು | ಡಬ್ಲ್ಯೂಒಇ |
|---|---|---|---|---|---|
| ಎ11 | 139 | 135 | 0.1986 | 0.4500 | −0.818 |
| ಎ12 | 164 | 105 | 0.2343 | 0.3500 | −0.401 |
| ಎ13 | 49 | 14 | 0.0700 | 0.0467 | 0.405 |
| ಎ14 | 348 | 46 | 0.4971 | 0.1533 | 1.176 |

ಗುಡ್ ಪಾಲು ಎಂದರೆ ಆ ಗುಂಪಿನ ಗುಡ್‌ಗಳನ್ನು ಒಟ್ಟು 700ರಿಂದ ಭಾಗಿಸಿದ್ದು. ಬ್ಯಾಡ್ ಪಾಲು, 300ರಿಂದ. ಡಬ್ಲ್ಯೂಒಇ (ವೇಟ್ ಆಫ್ ಎವಿಡೆನ್ಸ್, ಆ ಗುಂಪು ಗುಡ್ ಕಡೆಗೆ ಎಷ್ಟು ವಾಲಿದೆ ಎಂಬ ಅಳತೆ) ಎಂದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ತೆಗೆದ ಸಹಜ ಲಾಗ್. ಎರಡು ಪಾಲುಗಳ ವ್ಯತ್ಯಾಸವನ್ನು ಡಬ್ಲ್ಯೂಒಇಯಿಂದ ಗುಣಿಸಿ, ನಾಲ್ಕೂ ಸಾಲು ಕೂಡಿದರೆ ಐವಿ (ಇನ್ಫರ್ಮೇಶನ್ ವ್ಯಾಲ್ಯೂ, ಇಡೀ ವೇರಿಯಬಲ್ ಎಷ್ಟು ಬಲವಾದದ್ದು ಎಂಬ ಅಳತೆ) ಸಿಗುತ್ತದೆ: 0.666. ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಳತೆಯ ಪ್ರಕಾರ 0.02ಕ್ಕಿಂತ ಕಡಿಮೆಯಾದರೆ ಆ ವೇರಿಯಬಲ್ ಉಪಯೋಗಕ್ಕಿಲ್ಲ, 0.1ರವರೆಗೆ ದುರ್ಬಲ, 0.3ರವರೆಗೆ ಮಧ್ಯಮ, ಅದರ ಮೇಲೆ ಗಟ್ಟಿ, 0.5 ದಾಟಿದರೆ ಅನುಮಾನಿಸಿ ನೋಡಬೇಕಾದದ್ದು.

ಅನುಮಾನಿಸಿ ನೋಡಿದರೆ ಇಲ್ಲಿ ನಿಜಕ್ಕೂ ಒಂದು ಎಡವಟ್ಟಿದೆ. ಹಳೆಯ ವಿವರಣೆಯಲ್ಲಿ ಎ14 ಎಂದರೆ ಚಾಲ್ತಿ ಖಾತೆಯೇ ಇಲ್ಲದವರು. ಖಾತೆಯೇ ಇಲ್ಲದವರು ಎಲ್ಲರಿಗಿಂತ ಚೆನ್ನಾಗಿ ಸಾಲ ತೀರಿಸುತ್ತಾರೆ ಎಂದರೆ ಯಾವ ಬ್ಯಾಂಕ್ ಮ್ಯಾನೇಜರ್ ನಂಬಿಯಾರು? ಬರ್ಲಿನ್‌ನ ಸಂಖ್ಯಾಶಾಸ್ತ್ರಜ್ಞೆ ಉಲ್ರಿಕೆ ಗ್ರೋಂಪಿಂಗ್ 2019ರಲ್ಲಿ ಮೂಲವನ್ನು ಕೆದಕಿ, ಕೋಡ್ ಪಟ್ಟಿಯೇ ತಪ್ಪಾಗಿದೆ ಎಂದು ತೋರಿಸಿದರು. ಸರಿಯಾದ ಪಟ್ಟಿಯಲ್ಲಿ ಮೊದಲ ಕೋಡ್ ಖಾತೆ ಇಲ್ಲದವರು. ನಾಲ್ಕನೆಯದು 200 ಮಾರ್ಕ್ ಅಥವಾ ಅದಕ್ಕಿಂತ ಹೆಚ್ಚು ಶಿಲ್ಕು ಇರುವವರು, ಇಲ್ಲವೇ ಕನಿಷ್ಠ ಒಂದು ವರ್ಷದಿಂದ ಸಂಬಳ ಆ ಖಾತೆಗೇ ಬರುತ್ತಿರುವವರು. ಈಗ ಲೆಕ್ಕ ತಾಳೆಯಾಗುತ್ತದೆ. ತಿದ್ದಿದ ಆವೃತ್ತಿ ‘ಸೌತ್ ಜರ್ಮನ್ ಕ್ರೆಡಿಟ್’ ಎಂಬ ಹೆಸರಿನಲ್ಲಿ ಅದೇ ಯುಸಿಐ ಸಂಗ್ರಹದಲ್ಲಿದೆ, ಅದನ್ನೇ ಇಳಿಸಿಕೊಳ್ಳಿ. ಆರ್‌ನ ಸ್ಕೋರ್‌ಕಾರ್ಡ್ ಪ್ಯಾಕೇಜಿನ ಜತೆ ಬರುವ ಪ್ರತಿಯಲ್ಲಿ ಇನ್ನೂ ಹಳೆಯ ತಪ್ಪು ಹೆಸರುಗಳೇ ಇವೆ. ಗುಂಪುಗಳ ಎಣಿಕೆ ಎರಡರಲ್ಲೂ ಒಂದೇ ಆದ್ದರಿಂದ ಮೇಲಿನ ಸಂಖ್ಯೆಗಳು ಬದಲಾಗುವುದಿಲ್ಲ, ಅರ್ಥ ಮಾತ್ರ ಬದಲಾಗುತ್ತದೆ.

ಈಗ ಮುಖ್ಯವಾದದ್ದು. ಪ್ರತಿ ಸಾಲಗಾರನ ಕೋಡ್ ಇದ್ದ ಜಾಗದಲ್ಲಿ ಅದರ ಡಬ್ಲ್ಯೂಒಇ ಹಾಕಿ, ಬ್ಯಾಡ್ ಆಗುವ ಸಂಭವಕ್ಕೆ ಲಾಜಿಸ್ಟಿಕ್ ರಿಗ್ರೆಶನ್ (ಹೌದು ಅಥವಾ ಇಲ್ಲ ಎಂಬ ಫಲಿತಾಂಶದ ಸಂಭವವನ್ನು ವೇರಿಯಬಲ್‌ಗಳಿಂದ ಅಂದಾಜಿಸುವ ಲೆಕ್ಕ) ಓಡಿಸಿದರೆ ಗುಣಾಂಕ −1, ಇಂಟರ್‌ಸೆಪ್ಟ್ −0.8473 ಬರಲೇಬೇಕು. ಇಂಟರ್‌ಸೆಪ್ಟ್ ಎಂದರೆ 300ನ್ನು 700ರಿಂದ ಭಾಗಿಸಿದ್ದರ ಲಾಗ್, ಅಷ್ಟೇ. ಒಂದೇ ವೇರಿಯಬಲ್ ಇದ್ದಾಗ ಇದು ಅಂದಾಜಲ್ಲ, ಬೀಜಗಣಿತ. ಹಾಗಾಗಿ ಯಾವ ಸಾಫ್ಟ್‌ವೇರ್ ತೆರೆದರೂ ಮೊದಲು ಈ ಒಂದು ಕಾಲಮ್ ಓಡಿಸಿ ಈ ಎರಡು ಸಂಖ್ಯೆ ಬರುತ್ತವೆಯೇ ನೋಡಿ. ಬರದಿದ್ದರೆ ಯಾಕೆ ಬರಲಿಲ್ಲ ಎಂದು ಹುಡುಕುವುದೇ ಆ ಸಾಫ್ಟ್‌ವೇರಿನ ಮೊದಲ ಪಾಠ.

ಎಕ್ಸೆಲ್‌ನಲ್ಲೇ ಶುರು ಮಾಡಿ. ಲಾಗ್ ಲೈಕ್ಲಿಹುಡ್‌ನ (ಗುಣಾಂಕಗಳು ಡೇಟಾಗೆ ಎಷ್ಟು ಹೊಂದುತ್ತವೆ ಎಂಬ ಅಳತೆಯ) ಮೊತ್ತವನ್ನು ಒಂದು ಸೆಲ್‌ಗೆ ತಂದು, ಎಕ್ಸೆಲ್‌ನ ಸಾಲ್ವರ್ ಎಂಬ ಸಾಧನಕ್ಕೆ ಅದನ್ನು ಗರಿಷ್ಠ ಮಾಡು ಎನ್ನಬೇಕು. ವಿಧಾನ ಜಿಆರ್‌ಜಿ ನಾನ್‌ಲೀನಿಯರ್. ಗುಣಾಂಕ ಸೊನ್ನೆಯಲ್ಲೇ ಅಂಟಿಕೊಂಡು ಕೂತರೆ ಗಾಬರಿಯಾಗಬೇಡಿ. ಸಾಲ್ವರ್ ಕಿಟಕಿಯಲ್ಲಿ, ನಿರ್ಬಂಧವಿಲ್ಲದ ವೇರಿಯಬಲ್‌ಗಳು ಋಣವಾಗಬಾರದು ಎಂಬ ಪೆಟ್ಟಿಗೆಗೆ ಮೊದಲೇ ಟಿಕ್ ಬಿದ್ದಿರುತ್ತದೆ. ನಮ್ಮ ಎರಡು ಉತ್ತರಗಳೂ ಋಣ ಸಂಖ್ಯೆಗಳು. ಟಿಕ್ ತೆಗೆದು ಮತ್ತೆ ಓಡಿಸಿದರೆ −1ಕ್ಕೆ ಬಂದು ನಿಲ್ಲುತ್ತದೆ.

ಮೂರು ವೇರಿಯಬಲ್ ದಾಟಿದ ಮೇಲೆ ಎಕ್ಸೆಲ್ ಬಿಟ್ಟುಬಿಡಿ. ಒಂದು ಹಾಳೆಯಲ್ಲಿ 10,48,576 ಸಾಲುಗಳಷ್ಟೇ ಹಿಡಿಸುತ್ತವೆ ಎಂಬುದು ದೊಡ್ಡ ತೊಂದರೆಯಲ್ಲ. ಯಾವ ಸೆಲ್‌ನಲ್ಲಿ ಯಾವಾಗ ಯಾರು ಏನು ತಿದ್ದಿದರು ಎಂದು ಮೂರು ತಿಂಗಳ ನಂತರ ಹೇಳಲಾಗದಿರುವುದು ದೊಡ್ಡ ತೊಂದರೆ.

ಆರ್

ಆರ್ ಉಚಿತ. ಆರ್‌ಸ್ಟುಡಿಯೋ ಜತೆಗಿದ್ದರೆ ಸಾಕು, 8 ಜಿಬಿ ರ‍್ಯಾಮ್ ಇರುವ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಕಲಿಕೆಯ ಡೇಟಾ ಎಲ್ಲವೂ ಓಡುತ್ತದೆ. ‘ಸ್ಕೋರ್‌ಕಾರ್ಡ್’ ಎಂಬ ಪ್ಯಾಕೇಜ್ ಒಂದರಲ್ಲೇ ಪೂರ್ತಿ ದಾರಿ ಇದೆ: ವೇರಿಯಬಲ್ ಸೋಸುವುದು, ಬಿನ್ ಮಾಡುವುದು (ಬೆಲೆಗಳನ್ನು ಗುಂಪುಗಳಾಗಿ ಒಡೆಯುವುದು), ಡಬ್ಲ್ಯೂಒಇಗೆ ಬದಲಿಸುವುದು, ಅಂಕಪಟ್ಟಿ ಮಾಡುವುದು, ಕೆಎಸ್, ಎಯುಸಿ (ಗುಡ್ ಬ್ಯಾಡ್‌ಗಳನ್ನು ಎಷ್ಟು ಚೆನ್ನಾಗಿ ಬೇರ್ಪಡಿಸಿದೆ ಎಂಬ ಅಳತೆಗಳು), ಪಿಎಸ್‌ಐ (ಅಂಕಗಳ ಹಂಚಿಕೆ ಹೊಸ ಡೇಟಾದಲ್ಲಿ ಎಷ್ಟು ಸರಿದಿದೆ ಎಂಬ ಅಳತೆ) ನೋಡುವುದು. ಬಿನ್ ಮಾಡುವ ಫಂಕ್ಷನ್ ವೋಬಿನ್. ಪ್ರತಿ ಬಿನ್‌ನಲ್ಲಿ ಕನಿಷ್ಠ ಶೇ. 5ರಷ್ಟು ಡೇಟಾ, ಹೆಚ್ಚೆಂದರೆ 8 ಬಿನ್ ಎಂಬುದು ಅದರ ಡಿಫಾಲ್ಟ್. ಅದು ಬಿಡಿಸುವ ಚಿತ್ರಗಳು ಬಹಳ ಚೆನ್ನಾಗಿವೆ. ಬಿನ್ನಿಂಗ್ ಎಂದರೇನು ಎಂದು ಕಣ್ಣಿಗೆ ಕಾಣಿಸುವುದರಲ್ಲಿ ಉಳಿದೆರಡಕ್ಕಿಂತ ಆರ್ ಮುಂದು.

ಒಂದು ಕಾಲಮ್‌ನ ಪರೀಕ್ಷೆಯಲ್ಲಿ ಆರ್ ಎರಡು ಕಡೆ ಎಡವಿಸುತ್ತದೆ. ಮೊದಲನೆಯದು, ಈ ಪ್ಯಾಕೇಜ್ ಡಬ್ಲ್ಯೂಒಇಯನ್ನು ತಲೆಕೆಳಗಾಗಿ ಲೆಕ್ಕ ಹಾಕುತ್ತದೆ: ಬ್ಯಾಡ್ ಪಾಲು ಮೇಲೆ, ಗುಡ್ ಪಾಲು ಕೆಳಗೆ. ಎ11ಕ್ಕೆ −0.818 ಬದಲು +0.818 ಕಾಣುತ್ತದೆ, ಗುಣಾಂಕ +1 ಆಗುತ್ತದೆ. ಇದು ದೋಷವಲ್ಲ, ರೂಢಿ ಬೇರೆ. ಒಂದು ಕಡೆಯ ಡಬ್ಲ್ಯೂಒಇ ಪಟ್ಟಿಯನ್ನು ಇನ್ನೊಂದು ಕಡೆಯ ಗುಣಾಂಕದ ಜತೆ ಸೇರಿಸಿದರೆ ಮಾತ್ರ ಅನಾಹುತ: ಒಳ್ಳೆಯ ಗ್ರಾಹಕರಿಗೆಲ್ಲ ಕೆಟ್ಟ ಸ್ಕೋರ್ ಬಿದ್ದಿರುತ್ತದೆ, ಪ್ರೋಗ್ರಾಂ ಮಾತ್ರ ಯಾವ ದೂರೂ ಇಲ್ಲದೆ ಓಡಿರುತ್ತದೆ.

ಎರಡನೆಯದು, ಆರ್‌ನಲ್ಲಿ ರಿಗ್ರೆಶನ್ ಓಡಿಸುವ ಜಿಎಲ್‌ಎಂ ಫಂಕ್ಷನ್‌ಗೆ ಟಾರ್ಗೆಟ್ (ಅಂದಾಜಿಸಬೇಕಾದ ಗುಡ್ ಬ್ಯಾಡ್ ಕಾಲಮ್) ಅನ್ನು ಫ್ಯಾಕ್ಟರ್ (ಹೆಸರುಗಳ ಪಟ್ಟಿ) ಆಗಿ ಕೊಟ್ಟರೆ ಮೊದಲ ಲೆವೆಲ್ ಸೋಲು, ಉಳಿದದ್ದು ಗೆಲುವು ಎಂದು ಅದು ತಿಳಿಯುತ್ತದೆ. ಲೆವೆಲ್‌ಗಳನ್ನು ನಾವೇ ಹೇಳದಿದ್ದರೆ ಇಂಗ್ಲಿಷ್ ಅಕ್ಷರಕ್ರಮ ನಡೆಯುತ್ತದೆ. ಬ್ಯಾಡ್ ಮೊದಲು, ಗುಡ್ ನಂತರ. ಅಂದರೆ ನೀವು ಗುಡ್ ಆಗುವ ಸಂಭವವನ್ನು ಅಳೆಯುತ್ತಿದ್ದೀರಿ. ಎರಡೂ ಸಂಖ್ಯೆಗಳ ಚಿಹ್ನೆ ತಿರುಗಿರುತ್ತದೆ. ಬ್ಯಾಡ್‌ಗೆ 1, ಗುಡ್‌ಗೆ 0 ಎಂದು ಸಂಖ್ಯೆಯಾಗಿ ಬದಲಿಸಿಕೊಂಡರೆ ಈ ತಲೆನೋವಿಲ್ಲ.

ಸ್ಕೋರ್‌ಗೆ ಬದಲಿಸುವಾಗಲೂ ಡಿಫಾಲ್ಟ್ ನೋಡಿಕೊಳ್ಳಿ. ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವ ಉದಾಹರಣೆ: ಗುಡ್ ಬ್ಯಾಡ್ ಅನುಪಾತ 50ಕ್ಕೆ 1 ಇರುವಲ್ಲಿ 600 ಅಂಕ, ಅನುಪಾತ ದುಪ್ಪಟ್ಟಾದಾಗಲೆಲ್ಲ 20 ಅಂಕ ಹೆಚ್ಚು. 20ನ್ನು 2ರ ಲಾಗ್‌ನಿಂದ ಭಾಗಿಸಿದರೆ ಫ್ಯಾಕ್ಟರ್ 28.85, 600ರಿಂದ ಅದನ್ನು 50ರ ಲಾಗ್‌ಗೆ ಗುಣಿಸಿ ಕಳೆದರೆ ಆಫ್‌ಸೆಟ್ 487.12. ಆರ್ ಪ್ಯಾಕೇಜಿನ ಡಿಫಾಲ್ಟ್ ಬೇರೆ: 19ಕ್ಕೆ 1 ಇರುವಲ್ಲಿ 600, ದುಪ್ಪಟ್ಟಿಗೆ 50 ಅಂಕ. ಪುಸ್ತಕದ ಸ್ಕೇಲ್‌ನಲ್ಲಿ 600 ಪಡೆದ ಗ್ರಾಹಕನೇ ಆರ್‌ನ ಸ್ಕೇಲ್‌ನಲ್ಲಿ ಸುಮಾರು 670 ಪಡೆಯುತ್ತಾನೆ. ಮಾಡೆಲ್ ಒಂದೇ, ಗೆರೆ ಎಳೆದ ಸ್ಕೇಲ್ ಬೇರೆ. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇದೆ ಎಂದು ಕಲಿಯುವವರು ತಮ್ಮ ಅಂಕಗಳನ್ನೂ ಎಳೆದಾಡಿ ಅಲ್ಲಿಗೆ ಕೂರಿಸಲು ನೋಡುತ್ತಾರೆ. ಅದರಿಂದ ಮಾಡೆಲ್ ಒಂದಿಷ್ಟೂ ಸುಧಾರಿಸುವುದಿಲ್ಲ.

ಆರ್‌ನ ಕೊರತೆ ಕಲಿಕೆಯಲ್ಲಿಲ್ಲ, ಕಲಿತ ಮೇಲಿದೆ. ಮಾಡೆಲನ್ನು ಸಾಲದ ಆ್ಯಪ್‌ನ ಹಿಂದೆ ಕೂರಿಸುವ ಎಂಜಿನಿಯರ್‌ಗಳು ಪೈಥಾನ್ ಕೇಳುತ್ತಾರೆ.

ಪೈಥಾನ್

ಇಲ್ಲಿ ದಾರಿ ಒಂದಲ್ಲ, ಮೂರ್ನಾಲ್ಕು. ಹೊಸಬರು ತಪ್ಪುವುದೇ ಅಲ್ಲಿ. ಡೇಟಾಗೆ ಪಾಂಡಾಸ್, ರಿಗ್ರೆಶನ್‌ಗೆ ಸೈಕಿಟ್‌ಲರ್ನ್ ಅಥವಾ ಸ್ಟ್ಯಾಟ್ಸ್‌ಮಾಡೆಲ್ಸ್, ಬಿನ್ನಿಂಗ್‌ಗೆ ಆಪ್ಟ್‌ಬಿನ್ನಿಂಗ್ ಅಥವಾ ಸ್ಕೋರ್‌ಕಾರ್ಡ್‌ಪೈ. ಕೊನೆಯದು ಆರ್ ಪ್ಯಾಕೇಜ್ ಬರೆದವರದ್ದೇ ಪೈಥಾನ್ ರೂಪ. ಹಳೆಯ ಪಾಠಗಳ ಕೋಡ್ ಎತ್ತಿಕೊಂಡರೆ ಒಂದು ಎಚ್ಚರಿಕೆ: ಪಾಂಡಾಸ್ 2.0 ಬಂದಾಗ ಡೇಟಾಫ್ರೇಮ್‌ನ ಅಪೆಂಡ್ ತೆಗೆದುಹಾಕಿದರು. ಅದನ್ನು ನಂಬಿ ಬರೆದ ಕೋಡ್ ಎಲ್ಲ ಅಲ್ಲೇ ನಿಲ್ಲುತ್ತದೆ.

ಬಿನ್ನಿಂಗ್‌ಗೆ ಆಪ್ಟ್‌ಬಿನ್ನಿಂಗ್ ಒಳ್ಳೆಯದು. ಏರಿಕೆ ಇಳಿಕೆಯ ನಿಯಮವನ್ನು ಅದಕ್ಕೆ ಮೊದಲೇ ಹೇಳಬಹುದು. ಡಿಫಾಲ್ಟ್ ‘ಆಟೋ’, ಅದು ನಡುವೆ ಗುಡ್ಡ ಅಥವಾ ಕಣಿವೆ ಇರುವ ಆಕಾರವನ್ನೂ ಆರಿಸಬಹುದು. ಆದಾಯ ಹೆಚ್ಚಿದಂತೆ ರಿಸ್ಕ್ ಒಂದೇ ದಿಕ್ಕಿಗೆ ಹೋಗಬೇಕು ಎಂದಿದ್ದರೆ ‘ಆಟೋ ಅಸೆಂಡಿಂಗ್ ಡಿಸೆಂಡಿಂಗ್’ ಎಂಬ ಆಯ್ಕೆಯನ್ನು ಬರೆದು ಕೊಡಬೇಕು. ಇದರ ಡಬ್ಲ್ಯೂಒಇ ನಮ್ಮ ಎಕ್ಸೆಲ್ ಪಟ್ಟಿಯಂತೆಯೇ, ಗುಡ್ ಮೇಲೆ, ಬ್ಯಾಡ್ ಕೆಳಗೆ.

ಈಗ ಒಂದು ಕಾಲಮ್ ಓಡಿಸಿ. ಸೈಕಿಟ್‌ಲರ್ನ್‌ನಲ್ಲಿ −1 ಬರುವುದಿಲ್ಲ, ಸುಮಾರು −0.99 ಬರುತ್ತದೆ. ಅದರ ಲಾಜಿಸ್ಟಿಕ್ ರಿಗ್ರೆಶನ್ ಕೇಳದೆಯೇ ಎಲ್2 ಪೆನಾಲ್ಟಿ (ಗುಣಾಂಕಗಳನ್ನು ಸೊನ್ನೆಯ ಕಡೆಗೆ ಎಳೆಯುವ ದಂಡ) ಹಾಕಿಕೊಂಡಿರುತ್ತದೆ. ಸಿ ಎಂಬ ಬೆಲೆ 1 ಇರುತ್ತದೆ. ಒಂದು ಕಾಲಮ್‌ನಲ್ಲಿ ವ್ಯತ್ಯಾಸ ಕೂದಲೆಳೆಯಷ್ಟು. ಡೇಟಾ ಚಿಕ್ಕದಾಗಿ ವೇರಿಯಬಲ್ 15 ಇದ್ದರೆ ಅಂಕಪಟ್ಟಿಯೇ ಬೇರೆಯಾಗುತ್ತದೆ. ಸಿಗೆ ನೂರು ಕೋಟಿಯಂಥ ದೊಡ್ಡ ಸಂಖ್ಯೆ ಕೊಟ್ಟರೆ ಪೆನಾಲ್ಟಿ ಇಲ್ಲದಂತೆಯೇ. ಪೆನಾಲ್ಟಿ ಕೆಟ್ಟದ್ದು ಎಂದಲ್ಲ. ಅದು ಇದೆ ಎಂದು ಗೊತ್ತಿಲ್ಲದೆ ಇರುವುದು ಕೆಟ್ಟದ್ದು, ಯಾಕೆಂದರೆ ಪಿ ವ್ಯಾಲ್ಯೂ (ಗುಣಾಂಕ ಬರೀ ಆಕಸ್ಮಿಕವೇ ಎಂದು ಅಳೆಯುವ ಸಂಖ್ಯೆ) ಎಲ್ಲಿ ಎಂದು ಮೇಲಿನವರು ಕೇಳಿದಾಗ ಸೈಕಿಟ್‌ಲರ್ನ್ ಕೊಡಲು ಏನೂ ಇಟ್ಟುಕೊಂಡಿರುವುದಿಲ್ಲ.

ಅದಕ್ಕೇ ಸ್ಕೋರ್‌ಕಾರ್ಡ್‌ಗೆ ಸ್ಟ್ಯಾಟ್ಸ್‌ಮಾಡೆಲ್ಸ್ ಸರಿ. ಸ್ಟ್ಯಾಂಡರ್ಡ್ ಎರರ್, ಪಿ ವ್ಯಾಲ್ಯೂ ಎಲ್ಲ ಕೊಡುತ್ತದೆ. ಆದರೆ ಅದರ ಲಾಜಿಟ್‌ಗೆ ಇಂಟರ್‌ಸೆಪ್ಟ್ ತಾನಾಗಿ ಸೇರುವುದಿಲ್ಲ. ಆ್ಯಡ್ ಕಾನ್‌ಸ್ಟಂಟ್ ಎಂದು ನಾವೇ ಸೇರಿಸಬೇಕು. ಸೇರಿಸದಿದ್ದರೂ ಅದು ದೂರದೆ ಓಡುತ್ತದೆ, ಗುಣಾಂಕ ಮಾತ್ರ −1ಕ್ಕೆ ಬರದೆ ಸುಮಾರು −0.95ರಲ್ಲಿ ನಿಲ್ಲುತ್ತದೆ. ಈ ಒಂದು ಮರೆವು ಎಷ್ಟು ಕಲಿಕೆಯ ಪ್ರಾಜೆಕ್ಟ್‌ಗಳಲ್ಲಿ ಸುಮ್ಮನೆ ಕೂತಿದೆಯೋ.

ಪೈಥಾನ್ ಹಿಡಿದವರಿಗೆ ಇನ್ನೊಂದು ಸೆಳೆತ ಇದೆ: ಎರಡನೇ ದಿನಕ್ಕೇ ಎಕ್ಸ್‌ಜಿಬೂಸ್ಟ್ (ನೂರಾರು ನಿರ್ಧಾರ ಮರಗಳನ್ನು ಸೇರಿಸುವ ಮಾಡೆಲ್). ಎಯುಸಿ ಸ್ವಲ್ಪ ಮೇಲೇರುತ್ತದೆ, ಖುಷಿಯಾಗುತ್ತದೆ. ಆದರೆ ಅರ್ಜಿ ಯಾಕೆ ತಿರಸ್ಕಾರವಾಯಿತು ಎಂದು ಹೇಳಬೇಕಾದ ಜಾಗದಲ್ಲಿ, ಪ್ರತಿ ವೇರಿಯಬಲ್‌ಗೆ ಇಷ್ಟು ಅಂಕ ಎಂದು ಎದುರಿಗಿಡಬಲ್ಲ ಪಟ್ಟಿಗೆ ಬೆಲೆ ಹೆಚ್ಚು. ಮೊದಲು ಅದು ಕೈಗೆ ಹತ್ತಲಿ.

ಸ್ಯಾಸ್

ಸ್ಯಾಸ್ ಪರವಾನಗಿಗೆ ವರ್ಷವರ್ಷವೂ ಹಣ ಕಟ್ಟಬೇಕು, ಒಬ್ಬ ವ್ಯಕ್ತಿ ಯೋಚಿಸುವಂಥದ್ದಲ್ಲ. ಕಲಿಯುವವರಿಗೆ ಮಾತ್ರ ‘ಸ್ಯಾಸ್ ಆನ್‌ಡಿಮಾಂಡ್ ಫಾರ್ ಅಕಾಡೆಮಿಕ್ಸ್’ ಉಚಿತವಾಗಿದೆ. ನೋಂದಾಯಿಸಿಕೊಂಡರೆ ಬ್ರೌಸರ್‌ನಲ್ಲೇ ಸ್ಯಾಸ್ ಸ್ಟುಡಿಯೋ ತೆರೆಯುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕಡತವನ್ನು ಅವರ ಸರ್ವರ್‌ಗೆ ಏರಿಸಬೇಕಾಗುತ್ತದೆ, ಹಾಗಾಗಿ ಕಚೇರಿಯ ಗ್ರಾಹಕರ ಡೇಟಾ ಅಲ್ಲಿಗೆ ಹಾಕಲೇಬೇಡಿ. ಬ್ಯಾಂಕುಗಳಲ್ಲಿ ಕಾಣುವ, ಮೌಸ್‌ನಲ್ಲಿ ಎಳೆದು ಜೋಡಿಸುವ ಕ್ರೆಡಿಟ್ ಸ್ಕೋರಿಂಗ್ ಪೆಟ್ಟಿಗೆಗಳು ಎಂಟರ್‌ಪ್ರೈಸ್ ಮೈನರ್‌ಗೆ ಬೇರೆಯಾಗಿ ಪರವಾನಗಿ ಪಡೆದು ಸೇರಿಸಿಕೊಳ್ಳುವಂಥವು. ಗುಂಪು ಮಾಡುವುದು, ಅಂಕಪಟ್ಟಿ, ತಿರಸ್ಕೃತ ಅರ್ಜಿಗಳ ಲೆಕ್ಕ ಮೂರೂ ಅಲ್ಲಿ ಸಿದ್ಧವಾಗಿವೆ. ಅವುಗಳಿಲ್ಲದೆ ಕಲಿಯುವವರು, ಪ್ರೋಕ್ ಎಂದು ಶುರುವಾಗುವ ಸ್ಯಾಸ್‌ನ ಸಿದ್ಧ ಆದೇಶಗಳಲ್ಲಿ ಪ್ರೋಕ್ ಫ್ರೀಕ್‌ನಲ್ಲಿ ಎಣಿಸಿ, ಪ್ರೋಕ್ ಫಾರ್ಮ್ಯಾಟ್‌ನಲ್ಲಿ ಗುಂಪು ಕಟ್ಟಿ, ಡಬ್ಲ್ಯೂಒಇಯನ್ನು ತಾವೇ ಬರೆಯಬೇಕು. ಶ್ರಮ ಹೆಚ್ಚು, ಆದರೆ ಕಲಿಕೆಗೆ ಅದೇನೂ ನಷ್ಟವಲ್ಲ.

ಪ್ರೋಕ್ ಲಾಜಿಸ್ಟಿಕ್‌ಗೆ ಬ್ಯಾಡ್ 1, ಗುಡ್ 0 ಎಂಬ ಟಾರ್ಗೆಟ್ ಕೊಟ್ಟು ಓಡಿಸಿದರೆ ಗುಣಾಂಕ +1, ಇಂಟರ್‌ಸೆಪ್ಟ್ +0.8473. ಕಾರಣ, ಅದು ಚಿಕ್ಕ ಬೆಲೆಯ ಸಂಭವವನ್ನು ಅಳೆಯುತ್ತದೆ, ಅಂದರೆ 0. ಟಾರ್ಗೆಟ್ ಪಕ್ಕದಲ್ಲಿ ಇವೆಂಟ್ ಯಾವುದು ಎಂದು 1 ಬರೆದುಕೊಡಬೇಕು, ಇಲ್ಲವೇ ಡಿಸೆಂಡಿಂಗ್ ಎನ್ನಬೇಕು. ಔಟ್‌ಪುಟ್‌ನಲ್ಲಿ ಯಾವ ಬೆಲೆಯ ಸಂಭವ ಅಳೆಯಲಾಗಿದೆ ಎಂದು ಒಂದು ಸಾಲು ಇರುತ್ತದೆ. ಅದನ್ನು ಓದದವರೇ ಹೆಚ್ಚು. ಹಾಗೆಯೇ ಕ್ಲಾಸ್ ಎಂದು ಬರೆದು ವರ್ಗಗಳನ್ನು ನೇರ ಕೊಟ್ಟರೆ ಡಿಫಾಲ್ಟ್ ಕೋಡಿಂಗ್ ‘ಎಫೆಕ್ಟ್’, ಪ್ರತಿ ವರ್ಗವನ್ನು ಎಲ್ಲ ವರ್ಗಗಳ ಸರಾಸರಿಗೆ ಹೋಲಿಸುವ ಪದ್ಧತಿ. ಆರ್‌ನಲ್ಲಿ ಮೊದಲ ವರ್ಗಕ್ಕೆ ಹೋಲಿಸುವ ಪದ್ಧತಿ. ಎರಡರ ಗುಣಾಂಕಗಳು ಹೊಂದುವುದಿಲ್ಲ, ಪ್ರತಿ ಸಾಲಗಾರನಿಗೆ ಬರುವ ಸಂಭವ ಮಾತ್ರ ಒಂದೇ. ಸ್ಯಾಸ್‌ನಲ್ಲಿ ಪ್ಯಾರಾಮ್ ರೆಫ್ ಎಂದು ಹೇಳಿ, ಆಧಾರದ ವರ್ಗವೂ ಒಂದೇ ಇರುವಂತೆ ನೋಡಿಕೊಂಡರೆ ಗುಣಾಂಕಗಳೂ ಹೊಂದುತ್ತವೆ.

ಸ್ಯಾಸ್ ಮೇಲುಗೈ ಪಡೆಯುವ ಒಂದು ಜಾಗ ಹೇಳಲೇಬೇಕು. ಜರ್ಮನ್ ಡೇಟಾದಲ್ಲಿ ಬ್ಯಾಡ್ ಶೇ. 30. 1973ರಿಂದ 1975ರ ನಡುವಿನ ನಿಜವಾದ ಸಾಲಗಳಿಂದ, ಬ್ಯಾಡ್‌ಗಳನ್ನು ಬೇಕೆಂದೇ ಹೆಚ್ಚು ಆರಿಸಿ ತೆಗೆದ ಮಾದರಿ ಅದು. ಊರಲ್ಲಿ ನಿಜವಾಗಿ ಬ್ಯಾಡ್ ಶೇ. 5 ಎಂದಿಟ್ಟುಕೊಳ್ಳಿ, ಆಗ ಇಂಟರ್‌ಸೆಪ್ಟ್‌ನಿಂದ 2.097 ಕಳೆಯಬೇಕು. ಇದು 95ನ್ನು 5ರಿಂದ, 30ನ್ನು 70ರಿಂದ ಭಾಗಿಸಿ, ಎರಡನ್ನೂ ಗುಣಿಸಿ ತೆಗೆದ ಲಾಗ್. ದುಪ್ಪಟ್ಟಿಗೆ 20 ಅಂಕದ ಸ್ಕೇಲ್‌ನಲ್ಲಿ ಇದು ಸುಮಾರು 60 ಅಂಕದ ಅಂತರ. ಯಾರು ಮೇಲೆ, ಯಾರು ಕೆಳಗೆ ಎಂಬ ಕ್ರಮ ಬದಲಾಗುವುದಿಲ್ಲ, ಆದ್ದರಿಂದ ಎಯುಸಿ, ಕೆಎಸ್ ನೋಡಿ ಈ ತಪ್ಪು ಗೊತ್ತೇ ಆಗುವುದಿಲ್ಲ. ಆದರೆ 600ಕ್ಕೆ ಸಾಲ ಮಂಜೂರು ಎಂದು ಗೆರೆ ಹಾಕಿದ್ದರೆ ಆ 60 ಅಂಕ ಯಾರನ್ನು ಒಳಗೆ ಬಿಡುತ್ತೀರಿ ಎಂಬುದನ್ನೇ ಬದಲಿಸುತ್ತದೆ. ಸ್ಯಾಸ್‌ನ ಸ್ಕೋರ್ ಸಾಲಿನಲ್ಲಿ ಪ್ರಯರ್ ಇವೆಂಟ್ 0.05 ಎಂದು ಬರೆದರೆ ಸಂಭವಗಳು ತಾವೇ ಸರಿಹೋಗುತ್ತವೆ. ಆರ್, ಪೈಥಾನ್‌ನಲ್ಲಿ ಕೈಯಾರೆ ಕಳೆಯಬೇಕು.

ದೊಡ್ಡ ಡೇಟಾ ವಿಷಯದಲ್ಲೂ ಅಷ್ಟೆ. ಆರ್, ಪಾಂಡಾಸ್ ಪೂರ್ತಿ ಕಡತವನ್ನು ರ‍್ಯಾಮ್‌ಗೆ ಎಳೆದುಕೊಳ್ಳುತ್ತವೆ. ಸ್ಯಾಸ್‌ನ ಡೇಟಾ ಸ್ಟೆಪ್ ಡಿಸ್ಕ್‌ನಿಂದ ಸಾಲುಸಾಲಾಗಿ ಓದುತ್ತದೆ. ಕೋಟಿಗಟ್ಟಲೆ ಸಾಲುಗಳ ಬ್ಯಾಂಕುಗಳು ಅದನ್ನು ಬಿಡಲು ಹಿಂದೇಟು ಹಾಕುವುದಕ್ಕೆ ಹಳೆಯ ಕೋಡ್‌ನ ರಾಶಿಯ ಜತೆ ಇದೂ ಒಂದು ಕಾರಣ. ಆ ಹಳೆಯ ಸ್ಯಾಸ್ ಕೋಡನ್ನು ಪೈಥಾನ್‌ಗೆ ತಿರುಗಿಸುವುದೇ ಈಗ ಒಂದು ಕೆಲಸ. ಎರಡೂ ಓದಲು ಬರುವವರಿಗೆ ಅಲ್ಲಿ ಬೇಡಿಕೆ.

ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಬಗ್ಗೆ ಒಂದು ಮಾತು: ಕಾಲೇಜಿನಲ್ಲಿ ಈಗಾಗಲೇ ಇದ್ದರೆ ಲಾಜಿಸ್ಟಿಕ್ ರಿಗ್ರೆಶನ್ ಅರ್ಥಮಾಡಿಕೊಳ್ಳಲು ಸಾಕು. ಸ್ಕೋರ್‌ಕಾರ್ಡ್‌ಗಾಗಿ ಹೊಸದಾಗಿ ಕೊಳ್ಳಬೇಡಿ.

ಆದಾಯ ಬರೆಯದವನು ಯಾವ ಗುಂಪಿಗೆ?

ಆದಾಯ 15,000ಕ್ಕಿಂತ ಕಡಿಮೆಯಿದ್ದರೆ ಗುಂಪು 1, ಇಲ್ಲದಿದ್ದರೆ ಗುಂಪು 2. ಇಷ್ಟು ಸರಳ ಸಾಲನ್ನು ನಾಲ್ಕೂ ಕಡೆ ಬರೆದು, ಆದಾಯದ ಜಾಗ ಖಾಲಿ ಬಿಟ್ಟ ಅರ್ಜಿದಾರ ಎಲ್ಲಿಗೆ ಹೋದ ಎಂದು ನೋಡಿ.

ಸ್ಯಾಸ್‌ನಲ್ಲಿ ಖಾಲಿ ಬೆಲೆ ಎಂದರೆ ಎಲ್ಲ ಸಂಖ್ಯೆಗಳಿಗಿಂತ ಚಿಕ್ಕದು, ಆದ್ದರಿಂದ ಅವನು ಗುಂಪು 1. ಎಕ್ಸೆಲ್‌ನಲ್ಲಿ ಖಾಲಿ ಸೆಲ್ ಎಂದರೆ ಸೊನ್ನೆ, ಅಲ್ಲೂ ಗುಂಪು 1. ಪೈಥಾನ್‌ನ ನಂಪೈ ವೇರ್‌ನಲ್ಲಿ ಖಾಲಿ ಬೆಲೆಯ ಹೋಲಿಕೆ ಸುಳ್ಳು ಎಂದಾಗುತ್ತದೆ, ಅವನು ಗುಂಪು 2. ಆರ್‌ನಲ್ಲಿ ಇಫ್‌ಎಲ್ಸ್ ಖಾಲಿಯನ್ನೇ ವಾಪಸ್ ಕೊಡುತ್ತದೆ, ಅವನು ಎಲ್ಲೂ ಇಲ್ಲ. ಮುಂದೆ ಜಿಎಲ್‌ಎಂ ಅವನ ಸಾಲನ್ನೇ ಕೈಬಿಟ್ಟು, ಇಷ್ಟು ಸಾಲು ಬಿಟ್ಟಿದ್ದೇನೆ ಎಂದು ಸಾರಾಂಶದ ಕೆಳಗೆ ಒಂದು ಚಿಕ್ಕ ಟಿಪ್ಪಣಿ ಹಾಕುತ್ತದೆ. ಪ್ರೋಕ್ ಲಾಜಿಸ್ಟಿಕ್ ಕೂಡ ಖಾಲಿ ಇರುವ ಸಾಲು ಬಿಡುತ್ತದೆ. ಸೈಕಿಟ್‌ಲರ್ನ್‌ನ ಲಾಜಿಸ್ಟಿಕ್ ಮಾತ್ರ ಎರರ್ ಕೊಟ್ಟು ನಿಲ್ಲುತ್ತದೆ, ನಮ್ಮ ಲೆಕ್ಕದಲ್ಲಿ ಅದೇ ಮರ್ಯಾದಸ್ಥ ನಡವಳಿಕೆ.

ಇದು ಸಣ್ಣ ವಿಷಯವಲ್ಲ. ಡೇಟಾ ಸ್ಪರ್ಧೆಗಳ ಜಾಲತಾಣ ಕ್ಯಾಗಲ್‌ನ 2011ರ ಸ್ಪರ್ಧೆ ‘ಗಿವ್ ಮಿ ಸಮ್ ಕ್ರೆಡಿಟ್’ನ ಡೇಟಾದಲ್ಲಿ 1,50,000 ಸಾಲುಗಳಿವೆ, ಅದರಲ್ಲಿ 29,731 ಜನರ ಮಾಸಿಕ ಆದಾಯ ಖಾಲಿ. ಐದರಲ್ಲಿ ಒಬ್ಬರನ್ನು ಸಾಫ್ಟ್‌ವೇರ್ ತನಗೆ ತೋಚಿದ ಗುಂಪಿಗೆ ತಳ್ಳಿದರೆ ಆ ಗುಂಪಿನ ಡಬ್ಲ್ಯೂಒಇಗೆ ಅರ್ಥವೇ ಉಳಿಯುವುದಿಲ್ಲ. ಖಾಲಿಯನ್ನು ಯಾವಾಗಲೂ ಪ್ರತ್ಯೇಕ ಬಿನ್ ಮಾಡಿ. ವೋಬಿನ್, ಆಪ್ಟ್‌ಬಿನ್ನಿಂಗ್ ಎರಡೂ ಇದನ್ನು ತಾವೇ ಮಾಡುತ್ತವೆ. ಅದೇ ಡೇಟಾದಲ್ಲಿ ಎಷ್ಟು ಸಲ ಕಂತು ತಪ್ಪಿಸಿದ್ದಾರೆ ಎಂಬ ಕಾಲಮ್‌ಗಳಲ್ಲಿ 96 ಮತ್ತು 98 ಎಂಬ ಬೆಲೆಗಳಿವೆ. 98 ಸಲ ಕಂತು ತಪ್ಪಿಸಿದವರಲ್ಲ ಅವರು, ಅವು ಯಾವುದೋ ವಿಶೇಷ ಕೋಡ್. ಆಪ್ಟ್‌ಬಿನ್ನಿಂಗ್‌ನಲ್ಲಿ ಸ್ಪೆಷಲ್ ಕೋಡ್ಸ್, ವೋಬಿನ್‌ನಲ್ಲಿ ಸ್ಪೆಷಲ್ ವ್ಯಾಲ್ಯೂಸ್ ಎಂಬ ಜಾಗದಲ್ಲಿ ಅವನ್ನು ಬರೆದುಕೊಡಬೇಕು.

ಸಾಫ್ಟ್‌ವೇರ್ ಹೇಳಿಕೊಡದ ಭಾಗ

ಬ್ಯಾಡ್ ಎಂದರೆ ಯಾರು ಎಂಬುದನ್ನು ಯಾವ ಪ್ಯಾಕೇಜೂ ತೀರ್ಮಾನಿಸುವುದಿಲ್ಲ. ಕಲಿಕೆಯ ಡೇಟಾದಲ್ಲಿ ಆ ಕಾಲಮ್ ಸಿದ್ಧವಾಗಿ ಬಂದಿರುತ್ತದೆ, ಹಾಗಾಗಿ ಈ ಕಷ್ಟ ಗೊತ್ತಾಗುವುದು ಕೆಲಸಕ್ಕೆ ಸೇರಿದ ಮೇಲೆ. ಸಾಮಾನ್ಯ ರೂಢಿ ಎಂದರೆ ಸಾಲ ಕೊಟ್ಟ 12ರಿಂದ 24 ತಿಂಗಳೊಳಗೆ 90 ದಿನಕ್ಕಿಂತ ಹೆಚ್ಚು ಬಾಕಿ ಬಿದ್ದರೆ ಬ್ಯಾಡ್. ನಮ್ಮಲ್ಲಿ ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಎನ್ನಲೂ 90 ದಿನವೇ ಗಡಿ. ಆದರೆ ಬೆಳೆಸಾಲಕ್ಕೆ ರಿಸರ್ವ್ ಬ್ಯಾಂಕಿನ ಲೆಕ್ಕ ಬೇರೆ: ಅಲ್ಪಾವಧಿ ಬೆಳೆಗೆ ಎರಡು ಬೆಳೆ ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಬಾಕಿ ಉಳಿದರೆ ಮಾತ್ರ ಎನ್‌ಪಿಎ. ರಾಗಿಗೋ ಭತ್ತಕ್ಕೋ ಸಾಲ ಪಡೆದ ರೈತನನ್ನು ಬೈಕ್ ಸಾಲದ 90 ದಿನದ ಅಳತೆಯಲ್ಲಿ ಬ್ಯಾಡ್ ಎಂದು ಗುರುತಿಸಿದರೆ, ಆ ಮಾಡೆಲ್ ಕಲಿಯುವುದು ಸಾಲ ತೀರಿಸುವ ಗುಣವನ್ನಲ್ಲ, ಕೊಯ್ಲಿನ ತಿಂಗಳನ್ನು.

ತಿರಸ್ಕಾರವಾದ ಅರ್ಜಿಗಳದ್ದೂ ಇಂಥದ್ದೇ ಕಥೆ. ಅವರಿಗೆ ಸಾಲ ಕೊಟ್ಟಿದ್ದರೆ ಏನಾಗುತ್ತಿತ್ತೋ ಡೇಟಾದಲ್ಲಿಲ್ಲ. ಇದಕ್ಕೆ ಪಾರ್ಸೆಲಿಂಗ್, ಆಗ್ಮೆಂಟೇಶನ್ ಎಂದೆಲ್ಲ ವಿಧಾನಗಳಿವೆ, ಎಲ್ಲವೂ ಊಹೆಯ ಮೇಲೆ ನಿಂತವು. ಮೊದಲ ಮಾಡೆಲ್‌ನಲ್ಲಿ ಇದಕ್ಕೆ ಕೈ ಹಾಕಬೇಡಿ.

ಯಾವುದನ್ನೇ ಆರಿಸಿದರೂ ಆವೃತ್ತಿಗಳನ್ನು ಬರೆದಿಡುವುದು ಮೊದಲ ದಿನದಿಂದಲೇ ಅಭ್ಯಾಸವಾಗಲಿ. ಆರ್‌ನಲ್ಲಿ ಆರ್‌ಎನ್ವ್, ಪೈಥಾನ್‌ನಲ್ಲಿ ರಿಕ್ವೈರ್‌ಮೆಂಟ್ಸ್ ಕಡತ, ಜತೆಗೆ ಡೇಟಾವನ್ನು ಯಾದೃಚ್ಛಿಕವಾಗಿ ಹಂಚಿದ ಸೀಡ್ ಸಂಖ್ಯೆ (ಅದೇ ಹಂಚಿಕೆ ಮತ್ತೆ ಬರುವಂತೆ ಮಾಡುವ ಸಂಖ್ಯೆ). 2024ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸಾಲದ ಮಾಡೆಲ್‌ಗಳ ರಿಸ್ಕ್ ನಿರ್ವಹಣೆ ಕುರಿತು ಕರಡು ಸುತ್ತೋಲೆ ಹೊರಡಿಸಿದೆ. ಮಾಡೆಲ್ ಕಟ್ಟಿದವರಲ್ಲದೆ ಬೇರೆಯವರು ಅದನ್ನು ಪರೀಕ್ಷಿಸಬೇಕು ಎಂಬ ದಿಕ್ಕಿನಲ್ಲೇ ಎಲ್ಲ ಸಾಗುತ್ತಿದೆ. ಆ ಬೇರೆಯವರು ಮೊದಲು ಮಾಡುವುದೇ ನಿಮ್ಮ ಕೋಡ್ ಓಡಿಸಿ, ಅದೇ ಗುಣಾಂಕ ಬಂತೇ ಎಂದು ನೋಡುವುದು.

ಎರಡನೆಯ ಸಾಫ್ಟ್‌ವೇರ್ ಯಾವಾಗ

ಮೊದಲನೆಯದರಲ್ಲಿ ಎಂಟು ಹತ್ತು ವೇರಿಯಬಲ್‌ಗಳ ಒಂದು ಪೂರ್ತಿ ಅಂಕಪಟ್ಟಿ ಮುಗಿದ ಮೇಲೆ, ಅದೇ ಬಿನ್‌ಗಳನ್ನು ಹಾಗೆಯೇ ಇನ್ನೊಂದಕ್ಕೆ ಒಯ್ಯಿರಿ. ಎರಡರಲ್ಲೂ ಬಿನ್‌ಗಳನ್ನು ತಂತಾನೇ ಮಾಡಲು ಬಿಟ್ಟರೆ ಹೋಲಿಕೆಗೆ ಅರ್ಥವಿಲ್ಲ. ಗಡಿಗಳನ್ನು ನೀವೇ ಬರೆದುಕೊಡಿ, ವೋಬಿನ್‌ನಲ್ಲಿ ಅದಕ್ಕೆ ಬ್ರೇಕ್ಸ್ ಲಿಸ್ಟ್ ಇದೆ. ಸ್ಟೆಪ್‌ವೈಸ್ ಆಯ್ಕೆಯನ್ನೂ (ವೇರಿಯಬಲ್‌ಗಳನ್ನು ಒಂದೊಂದಾಗಿ ಸಾಫ್ಟ್‌ವೇರೇ ಸೇರಿಸಿ ತೆಗೆಯುವುದು) ಬದಿಗಿಡಿ. ಸ್ಯಾಸ್ ಪಿ ವ್ಯಾಲ್ಯೂ 0.05 ನೋಡಿ ಸೇರಿಸುತ್ತದೆ, ತೆಗೆಯುತ್ತದೆ, ಆರ್‌ನ ಸ್ಟೆಪ್ ಎಐಸಿ (ಹೊಂದಾಣಿಕೆಯನ್ನೂ ವೇರಿಯಬಲ್‌ಗಳ ಸಂಖ್ಯೆಯನ್ನೂ ತೂಗುವ ಅಳತೆ) ನೋಡುತ್ತದೆ, ಸ್ಟ್ಯಾಟ್ಸ್‌ಮಾಡೆಲ್ಸ್‌ನಲ್ಲಿ ಅಂಥದ್ದಿಲ್ಲ.

ಗುಣಾಂಕಗಳು ನಾಲ್ಕು ದಶಮಾಂಶದವರೆಗೆ ಹೊಂದಬೇಕು. ಹೊಂದದಿದ್ದರೆ ಈ ಕ್ರಮದಲ್ಲಿ ನೋಡಿ: ಎರಡೂ ಕಡೆ ಬಳಸಿದ ಸಾಲುಗಳ ಸಂಖ್ಯೆ ಒಂದೇ ಇದೆಯೇ, ಯಾವ ಬೆಲೆಯ ಸಂಭವ ಅಳೆದಿದ್ದೀರಿ, ಇಂಟರ್‌ಸೆಪ್ಟ್ ಇದೆಯೇ, ಪೆನಾಲ್ಟಿ ಇದೆಯೇ. ಎರಡೂ ಕಡೆ ಹೊಂದಿಯೂ ಒಂದು ವೇರಿಯಬಲ್‌ನ ಚಿಹ್ನೆ ಮಾತ್ರ ಉಳಿದವುಗಳಿಗೆ ವಿರುದ್ಧವಾಗಿದ್ದರೆ ಅದು ಸಾಫ್ಟ್‌ವೇರಿನ ತಪ್ಪಲ್ಲ. ಡಬ್ಲ್ಯೂಒಇ ಮಾಡೆಲ್‌ನಲ್ಲಿ ಎಲ್ಲ ಗುಣಾಂಕಗಳೂ ಒಂದೇ ಚಿಹ್ನೆಯಲ್ಲಿರಬೇಕು. ಹಾಗಿಲ್ಲದಿದ್ದರೆ ಆ ವೇರಿಯಬಲ್ ಇನ್ನೊಂದರ ಮಾತನ್ನೇ ಹೇಳುತ್ತಿದೆ. ಎರಡರ ಪೈಕಿ ಐವಿ ಕಡಿಮೆ ಇರುವುದನ್ನು ತೆಗೆದು ಮತ್ತೆ ಓಡಿಸಿ.